ಮರವಜ್ರ ಹಾಕಿದ ಏಳು ಫಿಲ್ಟರು

೧೯೫೪ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸಿನ ಮಧ್ಯದಲ್ಲಿ. ಯಾರೂ ಬಿಡಿಸಲಿಲ್ಲ, ಬೆಂಚಿನ ಮೇಲೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೆ. ಸುದ್ದಗುಂಟೆಪಾಳ್ಯದಿಂದ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಗ್ಯಾರೇಜಿತ್ತು. ಒಂದು ದಿನ ಅಲ್ಲಿಗೆ ನುಗ್ಗಿದವನು ಮತ್ತೆ ಶಾಲೆಯ ಕಡೆ ತಿರುಗಲಿಲ್ಲ. ಹತ್ತು ವರ್ಷ ಬೇರೆಯವರ ಕೆಳಗೆ ದುಡಿದು ಜಯನಗರದಲ್ಲಿ ಸ್ವಂತ ಶೆಡ್ಡು ಹಾಕಿದೆ. ಅರ್ಧ ನನ್ನದು, ಇನ್ನರ್ಧದಲ್ಲಿ ಕಾರಿನ ಬಾಡಿ ತಟ್ಟುವ ಟಿಂಕರ್ ಒಬ್ಬನಿದ್ದ.

ಆಗ ಹೊರದೇಶದ ಬಿಡಿಭಾಗ ಸಿಗುವುದು ಕಷ್ಟವಾಗಿತ್ತು. ಇಂಜಿನ್ ಆಯಿಲ್ ಸೋಸುವ ಫಿಲ್ಟರು ಎಂದು ಪೇಟೆಯಲ್ಲಿ ಕೊಡುತ್ತಿದ್ದದ್ದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ತಂದದ್ದರಲ್ಲಿ ಒಂದನ್ನಾದರೂ ಹ್ಯಾಕ್ಸಾದಿಂದ ಕೊಯ್ದು ನೋಡದಿದ್ದರೆ ಕೈ ಸುಮ್ಮನಿರುತ್ತಿರಲಿಲ್ಲ. ಕಾಗದದ ಮಡಿಕೆ ಒಂದು ಕಡೆ ಒತ್ತೊತ್ತು, ಇನ್ನೊಂದು ಕಡೆ ಬೆರಳು ತೂರುವಷ್ಟು ಅಗಲ. ನಡುವಿನ ತೂತುಗಳ ಕೊಳವೆಯನ್ನು ಉಗುರಿನಲ್ಲಿ ಒತ್ತಿದರೆ ತಗ್ಗುತ್ತಿತ್ತು. ಕೊಯ್ಯದೆ ನೋಡುವ ಉಪಾಯವೂ ಇತ್ತು: ಬಿಸಿಲಿಗೆ ಹಿಡಿದು ಕೊಳವೆಯೊಳಗೆ ಕಣ್ಣಿಡುವುದು. ಕಾಗದವೂ ತಗಡಿನ ಮುಚ್ಚಳವೂ ಕೂಡುವಲ್ಲಿ ಬೆಳಕಿನ ಚುಕ್ಕೆ ಕಂಡಿತೋ, ಆಯಿಲ್ ಸೋಸದೆ ಆ ಸಂದಿಯಲ್ಲೇ ನುಸುಳುತ್ತದೆ ಎಂದು ಲೆಕ್ಕ. ಕಸ, ಲೋಹದ ಪುಡಿ ಎಲ್ಲ ನೇರ ಬೇರಿಂಗಿಗೆ.

"ಬೈಕೊಂಡು ಓಡಾಡೋ ಬದ್ಲು ನೀನೇ ಮಾಡು ಗುರು," ಎಂದ ಟಿಂಕರ್. ತಮಾಷೆಗೆ ಹೇಳಿದ್ದು. ನಾನು ಮಾಡಿಯೇಬಿಟ್ಟೆ.

ಮುಚ್ಚಳ, ಕೊಳವೆ ಅವನು ತಟ್ಟಿಕೊಟ್ಟ. ಹಲಗೆಗೆ ಮೊಳೆ ಹೊಡೆದು ಅದರ ಅಳತೆಗೆ ನಾನು ಕಾಗದ ಮಡಿಸಿದೆ. ಒಂದೊಂದು ಮಡಿಕೆಯೂ ಸಮ. ಅಂಟಿಸಲು ಬಡಗಿಗಳು ಕಾಯಿಸಿ ಹಚ್ಚುವ ಮರವಜ್ರ. ಬಿಸಿ ಆಯಿಲ್‌ನಲ್ಲಿ ಇಡೀ ದಿನ ಮುಳುಗಿಸಿಟ್ಟರೂ ಅಂಟು ಬಿಡಲಿಲ್ಲ. ಒಟ್ಟು ಏಳು ಮಾಡಿದೆ. ಐದು ಟ್ಯಾಕ್ಸಿಗಳಿಗೆ ಹೋದವು. ಒಂದನ್ನು ನಮ್ಮ ಬ್ಲಾಕಿನ ಡಾಕ್ಟರಮ್ಮನ ಕಾರಿಗೆ ಹಾಕಿ, ಪೇಟೆ ಮಾಲಿಗಿಂತ ಗಟ್ಟಿ ಎಂದು ಹೇಳಿಕೊಂಡೆ. ಏಳನೆಯದು ಶೆಲ್ಫಿನ ಮೇಲೆ ಉಳಿಯಿತು.

ಒಂದು ಮಳೆಗೆ ಶೆಡ್ಡು ಸೋರಿತು. ಬೆಳಿಗ್ಗೆ ಶೆಲ್ಫಿನ ಮೇಲಿದ್ದ ಫಿಲ್ಟರನ್ನು ಎತ್ತಿದರೆ ಮುಚ್ಚಳ ಮಾತ್ರ ಕೈಗೆ ಬಂತು. ನೀರು ಕುಡಿದ ಮರವಜ್ರ ಲೋಳೆಯಾಗಿತ್ತು.

ಇಂಜಿನ್ನೊಳಗೆ ನೀರೆಲ್ಲಿಂದ ಬರ್ತದೆ, ಸುಮ್ನಿರು ಎಂದ ಟಿಂಕರ್. ಬರುತ್ತದೆ. ಟ್ಯಾಕ್ಸಿ ದಿನವಿಡೀ ಓಡಿ ಚೆನ್ನಾಗಿ ಕಾಯುವುದರಿಂದ ಒಳಗಿನ ತೇವ ಆರಿಹೋಗುತ್ತದೆ. ಡಾಕ್ಟರಮ್ಮನ ಕಾರು ರೋಗಿಗಳ ಒಂದು ಮನೆಯಿಂದ ಇನ್ನೊಂದು ಮನೆಗೆ, ಇಂಜಿನ್ ಕಾಯುವ ಮೊದಲೇ ಆಫ್. ಹಿಂದಿನ ವಾರವಷ್ಟೇ ಅದರ ಆಯಿಲ್ ಕ್ಯಾಪಿನೊಳಗೆ ನೀರು ಬೆರೆತ ಆಯಿಲ್ ಕಟ್ಟುವ, ಮಜ್ಜಿಗೆಯಂಥ ಬಿಳಿ ನೊರೆ ಕಂಡು, ಏನಿಲ್ಲ ಮೇಡಂ ಎಂದು ನಾನೇ ಬಟ್ಟೆಯಲ್ಲಿ ಒರೆಸಿದ್ದೆ. ಮರುದಿನ ಆಕೆ ಅದೇ ಕಾರಿನಲ್ಲಿ ಮಗಳ ಬಾಣಂತನಕ್ಕೆ ಮೈಸೂರಿಗೆ ಹೊರಡುವವರಿದ್ದರು. ದಾರಿಯಲ್ಲಿ ಬೇರಿಂಗ್ ಹಿಡಿದುಕೊಂಡರೆ ಇಂಜಿನ್ನೂ ಹೋಯಿತು, ನನ್ನ ಮಾತೂ ಹೋಯಿತು.

ಟಿಂಕರ್‌ಗೆ ದಾರಿ ಹೊಳೆದಿತ್ತು. "ಆಯಿಲ್ ಬದಲಾಯಿಸ್ಬೇಕು ಅಂತ ಕಾರು ತಗೊಂಬಾ. ಪೇಟೆ ಫಿಲ್ಟರ್ ಹಾಕು. ಯಾರಿಗ್ ಗೊತ್ತಾಗ್ತದೆ?"

ಸೈಕಲ್ ಹತ್ತಿದೆ. ಆ ಸುಳ್ಳು ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಅವರ ಗೇಟಿನ ಮುಂದೆ ಎರಡು ಸಲ ಹಾದುಹೋದೆ. ಮೂರನೆಯ ಸಲ ಡಾಕ್ಟರಮ್ಮನೇ ಕಾಂಪೌಂಡಿನಿಂದ ಕೂಗಿದರು.

"ಏನಪ್ಪ, ಕರೆದ್ರೂ ಬರದೋನು ಇವತ್ತು ಕರೀದೇನೇ ಪ್ರದಕ್ಷಿಣೆ ಹಾಕ್ತಿದೀಯ?"

ಹೇಳಿದೆ. ನಾನು ಮಾಡಿದ್ದು, ನಾನು ಹಾಕಿದ್ದು, ಅಂಟು ಬಿಟ್ಟಿರಬಹುದು ಎಂದೆ.

"ಗಟ್ಟಿ ಅಂದಿದ್ದೆ?"

"ಎಣ್ಣೆಗೆ ಗಟ್ಟಿ ಮೇಡಂ. ನೀರಲ್ಲಿ ನೋಡಿರ್ಲಿಲ್ಲ."

ಅಲ್ಲೇ ಬಿಚ್ಚಿದೆ. ಮುಚ್ಚಳ ಕಳಚಿ ವಾಲಿಕೊಂಡಿತ್ತು. ಅಷ್ಟು ಪ್ರೀತಿಯಿಂದ ಮಡಿಸಿದ ಕಾಗದದ ಪಕ್ಕದಿಂದಲೇ ಆಯಿಲ್ ಓಡಾಡಿತ್ತು. ಕೆಳಗೆ ನುಗ್ಗಿ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಸಂಪು ಇಳಿಸಿದರೆ ಒಂದು ಬೇರಿಂಗಿನಲ್ಲಿ ಉಗುರಿಗೆ ತಗಲುವಂಥ ಗೀರು. ಕಾರು ಹೊರಡುವ ಹಾಗಿಲ್ಲ, ಬೇರೆ ಗ್ಯಾರೇಜಿಗೆ ಕೊಡುವುದಾದರೂ ಸರಿ ಎಂದೆ.

"ನಾನು ಬಸ್ಸಲ್ಲಿ ಹೋಗ್ತೀನಿ," ಎಂದರು. "ನೀನೇ ಸರಿ ಮಾಡು. ಎಲ್ಲಿ ತಪ್ಪಿದೆ ಅಂತ ನಿನಗೆ ಗೊತ್ತಿದೆ. ಬೇರೆಯವನು ಮೊದಲಿಂದ ಹುಡುಕ್ಬೇಕು."

ಬೈದಿದ್ದರೆ ನಿದ್ದೆ ಬರುತ್ತಿತ್ತು. ಆಕೆ ಮೈಸೂರಿನಿಂದ ಬರುವಷ್ಟರಲ್ಲಿ ಬೇರಿಂಗ್ ಬದಲಾಯಿಸಿ, ಟ್ಯಾಕ್ಸಿ ಸ್ಟ್ಯಾಂಡುಗಳನ್ನೆಲ್ಲ ಸುತ್ತಿ ಉಳಿದ ಐದನ್ನೂ ಬಿಚ್ಚಿ ತಂದೆ. ಐದೂ ಗಟ್ಟಿಯಾಗಿಯೇ ಇದ್ದವು. ಆದರೂ ಕೊಯ್ದೆ.

ಈಗ ನನ್ನಲ್ಲಿರುವುದು: ಪೂರ್ತಿ ನನ್ನದೇ ಆದ ಶೆಡ್ಡು ಒಂದು, ಕಾರಿನ ಕೆಳಗಿಳಿದು ಕೆಲಸ ಮಾಡುವ ಗುಂಡಿ ಎರಡು, ಹ್ಯಾಕ್ಸಾ ಮೂರು, ಗೋಡೆಯ ಮೊಳೆಗಳಲ್ಲಿ ಕೊಯ್ದ ಫಿಲ್ಟರು ಏಳು.