ದತ್ತು ಕೊಟ್ಟ ಡಿಸ್ಕು

ಅವನ ಕಿವಿಯನ್ನು ನಂಬಿ ನೂರಾರು ಜನ ದಿನವೂ ಮೇಲೆ ಕೆಳಗೆ ಓಡಾಡುತ್ತಿದ್ದರು. ಹಳೆಯ ಕಟ್ಟಡಗಳ ಲಿಫ್ಟ್ ರಿಪೇರಿ ಅವನ ಕಸುಬು. ಲಿಫ್ಟಿನೊಳಗೆ ಕಣ್ಣು ಮುಚ್ಚಿ ನಿಂತು ತುದಿ ಮಹಡಿಗೆ ಹೋಗಿ ಬರುವಷ್ಟರಲ್ಲಿ, ಎಲ್ಲಿ ಬೇರಿಂಗ್ ಸವೆದಿದೆ, ಎಲ್ಲಿ ಎಣ್ಣೆ ಆರಿದೆ ಎಂದು ಹೇಳಿಬಿಡುತ್ತಿದ್ದ. ಜೊತೆಯವರು ಅವನಿಗೆ ಕಿವಿಯಣ್ಣ ಎಂದು ಹೆಸರಿಟ್ಟಿದ್ದರು. ಕೊನೆಕೊನೆಗೆ ಅವನ ಹೆಂಡತಿಯೂ ಫೋನಿನಲ್ಲಿ ಯಾರಾದರೂ ಕೇಳಿದರೆ, "ಕಿವಿಯಣ್ಣ ಸ್ನಾನಕ್ಕೆ ಹೋಗಿದಾರೆ" ಎನ್ನುತ್ತಿದ್ದಳು. ಈಗ ಆ ಹೆಸರು ಯಾರ ಬಾಯಿಗಾದರೂ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಮನೆಯ ಹಿಂದಿನ ಸಣ್ಣ ಕೋಣೆ ಅವನದು. ಕಿಟಕಿಗೆ ದಪ್ಪ ಪರದೆ, ಮೇಜಿನ ಮೇಲೆ ಕಂಪ್ಯೂಟರ್, ಎರಡು ಸ್ಪೀಕರ್, ಎರಡು ಹಾರ್ಡ್ ಡಿಸ್ಕ್. ಅವನ ಆಯುಷ್ಯದ ಹಾಡುಗಳೆಲ್ಲ ಅವುಗಳಲ್ಲಿದ್ದವು. ಕ್ಯಾಸೆಟ್ಟುಗಳಿಂದ, ಗೀರು ಬಿದ್ದ ಸಿಡಿಗಳಿಂದ, ಯಾರೋ ಎಸೆದ ರೇಡಿಯೋ ಟೇಪುಗಳಿಂದ ಒಂದೊಂದಾಗಿ ಇಳಿಸಿ, ಹೆಸರು ಹಾಕಿ, ಜೋಡಿಸಿಟ್ಟಿದ್ದ. ದೊಡ್ಡ ಡಿಸ್ಕನ್ನು ಅಣ್ಣ, ಚಿಕ್ಕದನ್ನು ತಮ್ಮ ಎಂದು ಕರೆಯುತ್ತಿದ್ದ. ಅಣ್ಣನಲ್ಲಿ ಏನು ಬದಲಾದರೂ ತಮ್ಮನಲ್ಲಿಯೂ ತಾನಾಗಿಯೇ ಬದಲಾಗುವ ಹಾಗೆ ಒಂದು ಪ್ರೋಗ್ರಾಂ ಹಾಕಿಟ್ಟಿದ್ದ. "ನಾನು ಮರೆತರೂ ಅದು ಮರೆಯಲ್ಲ" ಎಂಬುದು ಅವನ ಹೆಮ್ಮೆ. ಇನ್ನೊಂದು ಡಿಸ್ಕಿತ್ತು, ಕಂಪ್ಯೂಟರಿಗೆ ಸಿಕ್ಕಿಸಿದೊಡನೆ ಅದೇ ಪ್ರೋಗ್ರಾಂ ಅದನ್ನೂ ಅಣ್ಣನ ಹಾಗೆ ಮಾಡುತ್ತಿತ್ತು. ಮನೆಗೆ ಬೆಂಕಿ ಬಿದ್ದರೆ, ಕಳ್ಳ ನುಗ್ಗಿದರೆ ಎಂದು ಯೋಚಿಸಿ, ಅದನ್ನು ಪುಸ್ತಕದ ಬೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಗೆಳೆಯನ ಕೈಗೆ ಕೊಟ್ಟಿದ್ದ. "ಇವನನ್ನ ನಿನಗೆ ದತ್ತು ಕೊಟ್ಟಿದೀನಿ. ವರ್ಷಕ್ಕೊಂದು ಸಲ ತವರಿಗೆ ಕರ್ಕೊಂಡ್ ಬಾ, ಹೊಟ್ಟೆ ತುಂಬಿಸಿ ಕಳಿಸ್ತೀನಿ" ಎಂದಿದ್ದ. ಬೈಂಡರ್ ಅದನ್ನು ಅಂಗಡಿಯ ಕಬ್ಬಿಣದ ಪೆಟ್ಟಿಗೆಯಲ್ಲಿ, ರಟ್ಟಿನ ತುಂಡುಗಳ ಕೆಳಗೆ ಇಟ್ಟು ಮರೆತೇಬಿಟ್ಟಿದ್ದ.

ಇಷ್ಟೆಲ್ಲ ಕಾವಲು ನಿಜಕ್ಕೂ ಇದ್ದದ್ದು ಒಂದೇ ಕ್ಯಾಸೆಟ್ಟಿಗಾಗಿ. ತಾಯಿ ಇಲ್ಲದ ಅವನನ್ನು ಸಾಕಿದವಳು ಅಕ್ಕ. ಹೊಲಿಗೆ ಯಂತ್ರ ತುಳಿಯುತ್ತ ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು, ಹೊಲಿಯುತ್ತ ಹಾಡುತ್ತಿದ್ದಳು. ಎಳೆ ದಾರದಂಥ ದನಿ, ತೆಳ್ಳಗೆ, ಎತ್ತರಕ್ಕೆ ಹೋಗುವಂಥದ್ದು. ಹುಡುಗನಾಗಿದ್ದಾಗ ಯಾರದೋ ಟೇಪ್ ರೆಕಾರ್ಡರ್ ಬೇಡಿ ತಂದು, ಹೊಲಿಯುವ ಬಟ್ಟೆಯ ರಾಶಿಯೊಳಗೆ ಬಚ್ಚಿಟ್ಟು, ಅವಳಿಗೆ ಗೊತ್ತಾಗದಂತೆ ಒಂದು ಬದಿ ಪೂರ್ತಿ, ಇನ್ನೊಂದು ಬದಿ ಸಿಕ್ಕಿಬೀಳುವ ತನಕ ತುಂಬಿಸಿದ್ದ. ಅದಾದ ಮೇಲೆ ಅವಳು ಹೆಚ್ಚು ಕಾಲ ಉಳಿಯಲಿಲ್ಲ. ಫೋಟೋ ಕೂಡ ಒಂದೇ ಒಂದು, ಅದರಲ್ಲೂ ತಲೆ ತಗ್ಗಿಸಿದ್ದಾಳೆ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ರೀಲು ಅಂಟಿಕೊಂಡಾಗ ಹೇಗೋ ಬಿಡಿಸಿ ಕಂಪ್ಯೂಟರಿಗೆ ಇಳಿಸಿದ, ಇಳಿಸುತ್ತಿದ್ದಂತೆ ರೀಲು ಪುಡಿಪುಡಿಯಾಯಿತು. ಅಂದಿನಿಂದ ಅಕ್ಕ ಎಂದರೆ ಎರಡು ಫೈಲು. ಎಲ್ಲಕ್ಕಿಂತ ಮುಂದೆ ನಿಲ್ಲಲಿ ಎಂದು ಅವುಗಳ ಹೆಸರಿನ ಮೊದಲು ಸೊನ್ನೆ ಹಾಕಿಟ್ಟಿದ್ದ.

ಒಂದು ಭಾನುವಾರ ಆ ಹಾಡು ಹಾಕಿದವನು ಮುಖ ಗಂಟಿಕ್ಕಿದ. ಪಕ್ಕದ ಕೋಣೆಯಿಂದ ಅಕ್ಕ ಹಾಡುತ್ತಿದ್ದ ಹಾಗಿತ್ತು. ಹೊಲಿಗೆ ಯಂತ್ರದ ದಡದಡ ಸರಿಯಾಗಿಯೇ ಇತ್ತು, ದನಿಗೆ ಮಾತ್ರ ಯಾರೋ ಕಂಬಳಿ ಹೊದಿಸಿದಂತೆ. ಬೇರೆ ಹಾಡು ಹಾಕಿ ನೋಡಿದ. ಅಲ್ಲೂ ಕೊಳಲು ಮಂಕು, ತಾಳದ ಕಿಣಿಕಿಣಿ ಇಲ್ಲ.

"ಡಿಸ್ಕು ಸಾಯ್ತಾ ಇದೆ ಕಣೇ" ಎಂದು ಅಡುಗೆಮನೆಗೆ ಹೋಗಿ ಹೇಳಿದ. "ಒಳಗೊಳಗೇ ಹಾಡನ್ನ ತಿಂತಾ ಇದೆ."

"ತಿನ್ನೋದಕ್ಕೆ ಅದೇನು ಇಲಿನಾ?" ಎಂದಳು ಹೆಂಡತಿ. "ಮೊದಲು ಈ ಕುಕ್ಕರ್ ಆರಿಸಿ. ಆಗಿಂದ ಕೂಗ್ತಾ ಇದೆ, ಪಕ್ಕದಲ್ಲೇ ನಿಂತಿದೀರ, ಕೇಳಿಸ್ತಾ ಇಲ್ವಾ?"

ಅವನು ಕುಕ್ಕರಿನ ಕಡೆ ನೋಡಿದ. ಆವಿ ಬರುತ್ತಿತ್ತು. ಒಲೆ ಆರಿಸಿದ. ತಲೆಯ ತುಂಬ ಡಿಸ್ಕಿನ ಚಿಂತೆ ಇದ್ದುದರಿಂದ ಅದರ ಬಗ್ಗೆ ಮತ್ತೆ ಯೋಚಿಸಲಿಲ್ಲ.

ಹೊಸ ಡಿಸ್ಕು ತಂದು ಅಣ್ಣನನ್ನೂ ತಮ್ಮನನ್ನೂ ಬದಲಾಯಿಸಿದ. ಹಾಡುಗಳು ಮಂಕಾಗಿಯೇ ಇದ್ದವು. ವೈರು ಬದಲಾಯಿಸಿದ, ಸ್ಪೀಕರ್ ಬಿಚ್ಚಿ ಒರೆಸಿದ. ಕೊನೆಗೆ, ಕೆಟ್ಟದ್ದನ್ನು ಕೈಯಿಂದಲೇ ಸರಿಮಾಡಿ ಅಭ್ಯಾಸವಿದ್ದವನು, ಹಾಡುಗಳನ್ನೇ ರಿಪೇರಿಗೆ ತೆಗೆದುಕೊಂಡ. ಒಂದೊಂದು ಫೈಲನ್ನೂ ತೆರೆದು, ತೆಳು ಸದ್ದುಗಳನ್ನು ಎತ್ತಿ ಕೊಡುವ ಟ್ರೆಬಲ್ ಏರಿಸಿ, ದನಿ ಮೊದಲಿನಂತೆ ಮಿನುಗುವ ತನಕ ತಿದ್ದಿ, ಹಳೆಯದರ ಮೇಲೆಯೇ ಉಳಿಸುತ್ತಿದ್ದ. ಕೊಳೆತದ್ದನ್ನು ಯಾಕೆ ಇಟ್ಟುಕೊಳ್ಳಬೇಕು ಎಂದು ಅವನ ಲೆಕ್ಕ. ಅಣ್ಣ ಬದಲಾದಂತೆ ತಮ್ಮನೂ ಬದಲಾದ. ಕೆಲವು ವಾರ ಅಕ್ಕ ಎದುರಿಗೇ ಕೂತು ಹಾಡಿದಳು. ಮತ್ತೆ ಕಂಬಳಿ ಬಿತ್ತು. ಅವನು ಮತ್ತೆ ಏರಿಸಿದ. ಮಳೆಗಾಲ ಹೋಗಿ ಚಳಿಗಾಲ ಬರುವಷ್ಟರಲ್ಲಿ ಎಷ್ಟು ಸಲ ಏರಿಸಿದನೋ ಅವನಿಗೇ ಗೊತ್ತಿರಲಿಲ್ಲ. ಅವನು ಹಾಡು ಹಾಕಿದೊಡನೆ ಹೆಂಡತಿಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಒಗೆದ ಬಟ್ಟೆ ತರಬೇಕು, ಪಕ್ಕದ ಮನೆಯವರು ಕರೆದಂತಾಯಿತು. ಪಕ್ಕದ ಮನೆಯ ನಾಯಿ ಊಳಿಡುತ್ತಿತ್ತು. ಆ ಊಳೂ ಅವನಿಗೆ ದೂರದಿಂದ ಬಂದಂತೆ ಕೇಳಿಸುತ್ತಿತ್ತು.

ರಜೆಗೆಂದು ಬಂದ ಮಗಳು ಹಿಂದಿನ ಕೋಣೆಗೆ ಬಂದವಳೇ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಅಪ್ಪಾ, ಆರಿಸಪ್ಪಾ ಅದನ್ನ!"

"ನಿಮ್ಮತ್ತೆ ಹಾಡು. ಚಿಕ್ಕೋಳಿದ್ದಾಗ ಇದನ್ನ ಕೇಳ್ತಾ ಕೇಳ್ತಾನೇ ನಿದ್ದೆ ಮಾಡ್ತಿದ್ದೆ, ಮರೆತ್ಯಾ?"

"ಅತ್ತೆ ಹಾಡ್ತಾ ಇಲ್ಲ, ಕಿರುಚ್ತಾ ಇದಾರೆ. ಗಾಜಿನ ಮೇಲೆ ಮೊಳೆ ಎಳೆದ ಹಾಗಿದೆ. ಅಮ್ಮ, ನೀನಾದ್ರೂ ಹೇಳ್ಬಾರ್ದಿತ್ತಾ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಅಷ್ಟು ಖುಷಿಯಾಗಿ ಕೇಳ್ತಿದ್ರು" ಎಂದಳು ಮೆಲ್ಲಗೆ. ಅವಳು ಮೆಲ್ಲಗೆ ಆಡಿದ್ದು ಅವನಿಗೆ ಕೇಳಿಸಲಿಲ್ಲ. ತುಟಿ ಆಡಿದ್ದು ಕಂಡಿತು. ಕೈ ಚಾಚಿ ತಾನೇ ಹಾಡು ಆರಿಸಿದ.

ಆಸ್ಪತ್ರೆಯಲ್ಲಿ ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಮೊದಮೊದಲು ಕೆಲವು ಗುಂಯ್ ಗುಂಯ್ ಬಂದವು, ಒತ್ತಿದ. ಆಮೇಲೆ ಏನೂ ಇಲ್ಲ. ಅವನು ಶಿಸ್ತಿನ ವಿದ್ಯಾರ್ಥಿಯ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕಾಯುತ್ತ ಕೂತ. ಗಾಜಿನಾಚೆ ನರ್ಸು ಏನೇನೋ ತಿರುಗಿಸುತ್ತಲೇ ಇದ್ದಳು. ಕೊನೆಗೆ ಬಾಗಿಲು ತೆರೆದಳು.

"ಮುಂದಿನದು ಶುರು ಮಾಡಿ ತಾಯಿ, ನಾನು ರೆಡಿ" ಎಂದ.

"ಮುಗೀತು, ಯಜಮಾನರೇ" ಎಂದಳು ಅವಳು.

ಆಯುಷ್ಯವೆಲ್ಲ ಮೋಟಾರ್ ಕೋಣೆಗಳಲ್ಲಿ ನಿಂತದ್ದರ ಫಲ, ತೆಳು ಸದ್ದುಗಳು ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಕಿವಿಗೆ ಯಂತ್ರ ಹಾಕಬಹುದು, ಆದರೆ ಮೊದಲಿನ ಹಾಗೆ ಆಗದು. ಅವನು ತನ್ನ ಕಿವಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮೆಟ್ಟಿಲಿಳಿಯುವಾಗ ಹೆಂಡತಿಯ ತೋಳು ಹಿಡಿದು ನಿಂತುಬಿಟ್ಟ. "ಹಾಗಾದ್ರೆ ಡಿಸ್ಕು ಚೆನ್ನಾಗೇ ಇತ್ತು. ಅವಳನ್ನ ತಿಂದಿದ್ದು ನಾನು."

ಇನ್ನು ಉಳಿದಿದ್ದವನು ದತ್ತು ಹೋದವನೊಬ್ಬನೇ. ಅಲ್ಲಿಂದಲೇ ಬೈಂಡಿಂಗ್ ಅಂಗಡಿಗೆ ನಡೆದ.

"ನನ್ನ ಡಿಸ್ಕ್ ಕೊಡು."

ಬೈಂಡರ್ ಗೋಂದು ಹತ್ತಿದ ಕೈ ಒರೆಸಿಕೊಂಡು ಪೆಟ್ಟಿಗೆ ತಡಕಿದ. "ಬೈಬೇಡ ಕಣಯ್ಯಾ. ವರ್ಷ ವರ್ಷ ತರ್ತೀನಿ ಅಂತ ಹೇಳಿ ಒಂದು ಸಲಾನೂ ತರಲಿಲ್ಲ. ಅದರಲ್ಲಿರೋದು ಹಳೇದೇ, ಏನೂ ಹೊಸದಿಲ್ಲ."

"ನಿನ್ನ ಸೋಮಾರಿತನ ನೂರು ವರ್ಷ ಬಾಳಲಿ!" ಎಂದು ಅವನು ಗೆಳೆಯನ ಗೋಂದಿನ ಕೈಯನ್ನು ಹಿಡಿದು ಕುಲುಕಿದ. ಅವನ ಕಣ್ಣಲ್ಲಿ ನೀರಿತ್ತು. ವಿಷಯ ಗೊತ್ತಿಲ್ಲದ ಬೈಂಡರ್ ನಕ್ಕ. ಅಂಗಡಿಯ ಬಾಗಿಲಲ್ಲಿ ಯಾವನೋ ಗಾಡಿಯವನು ಹಾರ್ನ್ ಒತ್ತುತ್ತಿದ್ದ. ಇವನು ದಾರಿ ಬಿಡದೆ ಡಿಸ್ಕನ್ನು ಎದೆಗವಚಿಕೊಂಡು ಬೀದಿಯ ನಡುವೆಯೇ ಹೋದ.

ಮನೆಗೆ ಬಂದವನು ಚಪ್ಪಲಿ ಕೂಡ ಬಿಡದೆ ಹಿಂದಿನ ಕೋಣೆಗೆ ಹೋಗಿ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ವರ್ಷಗಟ್ಟಲೆ ಅದೇ ಕೆಲಸ ಮಾಡಿದ ಕೈ, ತಲೆಯನ್ನು ಕೇಳಲಿಲ್ಲ. ಆಮೇಲೆ ಹೆಡ್‌ಫೋನಿನ ವೈರು ಹುಡುಕಲು ಕಪಾಟಿನ ಕಡೆ ತಿರುಗಿದ. ಅವನ ಬೆನ್ನ ಹಿಂದೆ ಅವನೇ ಹಾಕಿಟ್ಟಿದ್ದ ಪ್ರೋಗ್ರಾಂ ಎಚ್ಚರವಾಯಿತು. ತವರಿಗೆ ಬಂದ ಮಗನನ್ನು ಅದು ಗುರುತಿಸಿತು. ಅಣ್ಣನಲ್ಲಿರುವುದು ಹೊಸದು, ಇವನಲ್ಲಿರುವುದು ಹಳೆಯದು. ಯಾರನ್ನೂ ಕೇಳದೆ, ಹೇಳಿಕೊಟ್ಟಂತೆ, ಹಳೆಯದನ್ನು ಅಳಿಸಿ ಹೊಸದನ್ನು ಬರೆಯತೊಡಗಿತು. ಸೊನ್ನೆ ಹಾಕಿಸಿಕೊಂಡು ಎಲ್ಲಕ್ಕಿಂತ ಮುಂದೆ ನಿಂತಿದ್ದವಳಿಂದಲೇ ಶುರುಮಾಡಿತು. ಪ್ರತಿ ಫೈಲು ಮುಗಿದಾಗ ಕೀಂ ಎಂದು ಹೇಳುವುದು ಅದರ ಕ್ರಮ. ಹೇಳಿತು. ಅವನು ಕಪಾಟಿನ ಕೆಳಗಿನ ಖಾನೆಯಲ್ಲಿ ತಡಕಾಡುತ್ತಲೇ ಇದ್ದ.

"ರೀ!" ಅಡುಗೆಮನೆಯಿಂದ ಹೆಂಡತಿ ಕೂಗಿದಳು. ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದು ಅವನ ಭುಜ ಹಿಡಿದು ಅಲುಗಿಸಿದಳು. "ನಿಮ್ಮ ಡಬ್ಬ ಕೀಂ ಅಂತು! ಅದೇನು ಮಾಡ್ತಾ ಇದೆ ನೋಡ್ರೀ!"

ತಿರುಗಿ ನೋಡಿದ. ಒಂದೇ ನೆಗೆತಕ್ಕೆ ವೈರು ಹಿಡಿದು ಕಿತ್ತ. ಕಿತ್ತ ವೈರನ್ನು ಹಾವಿನ ತಲೆಯಂತೆ ಮುಷ್ಟಿಯಲ್ಲಿ ಬಿಗಿಹಿಡಿದು ಬಹಳ ಹೊತ್ತು ಹಾಗೇ ನಿಂತಿದ್ದ.

ಮಗಳು ಬಂದು ಪ್ರೋಗ್ರಾಂ ತೆಗೆದುಹಾಕಿ, ಡಿಸ್ಕನ್ನು ಜೋಡಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಮೊದಲ ಬದಿ ಹೋಗಿತ್ತು. ಪೂರ್ತಿ ಹಾಡಿದ್ದ ಬದಿ ಅದು. ಅಲ್ಲಿ ಈಗ ಗಾಜಿನ ಮೇಲಿನ ಮೊಳೆಯೇ. ಎರಡನೆಯ ಬದಿ ಮಾತ್ರ ಇದ್ದ ಹಾಗೇ ಇತ್ತು.

"ಇದಾರಪ್ಪಾ" ಎಂದು ಅವಳು ಅವನ ಮುಖದ ಎದುರಿಗೆ ಬಂದು, ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು. "ಈ ಕಡೆ ಅತ್ತೆ ಇದಾರೆ. ಸಣ್ಣ ದನಿಯಲ್ಲಿ. ಚೆನ್ನಾಗಿದಾರೆ."

ಅವನು ಸ್ಪೀಕರಿನಲ್ಲಿ ಹಾಕಿಸಿದ. ಅವನಿಗೆ ಕೇಳಿಸಿದ್ದು ಹೊಲಿಗೆ ಯಂತ್ರವೊಂದೇ, ದಡದಡ, ಬರೀ ದಡದಡ. ಮಗಳು ಅಳುಕುತ್ತ ಹೇಳಿದಳು, "ಬೇಕಾದ್ರೆ ನಿಂಗೆ ಅಂತ ಇನ್ನೊಂದು ಕಾಪಿ ಮಾಡಿ ಟ್ರೆಬಲ್ ಏರಿಸಿ ಕೊಡ್ತೀನಿ."

"ಬೇಡ" ಎಂದ. "ಮುಟ್ಟಬೇಡ. ಅವಳನ್ನ ಇನ್ನು ಯಾರೂ ಮುಟ್ಟಬೇಡಿ."

ಅವನಿಗೆ ಕೇಳುವ ಅಕ್ಕ ಸುಳ್ಳಾಗಿದ್ದಳು, ನಿಜದ ಅಕ್ಕ ಅವನಿಗೆ ಕೇಳುವುದಿಲ್ಲ. ಅವನು ತಡಮಾಡಲಿಲ್ಲ. ಅಣ್ಣನಿಂದಲೂ ತಮ್ಮನಿಂದಲೂ ತಾನು ತಿದ್ದಿದ ಅಕ್ಕನನ್ನು ತನ್ನ ಕೈಯಾರೆ ಅಳಿಸಿ, ಆ ಜಾಗದಲ್ಲಿ ಕೇಳದವಳನ್ನು ತುಂಬಿಸಿದ.

ಆಮೇಲೆ ಸ್ಪೀಕರಿನ ಬಾಯಿಯ ಮೇಲೆ ಎಡಗೈ ಬೆರಳುಗಳನ್ನಿಟ್ಟು ಕೂತ. ಹೆಂಡತಿ ಪಕ್ಕದಲ್ಲಿ ಕೂತು ಅವನ ಬಲಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅಕ್ಕ ಹಾಡಲು ಶುರುಮಾಡಿದಾಗ ಅಂಗೈಯನ್ನು ತಟ್ಟಿದಳು, ನಿಲ್ಲಿಸಿದಾಗ ಬಿಟ್ಟಳು. ಎಡಗೈಯಲ್ಲಿ ಅಕ್ಕನ ಕಾಲು ಯಂತ್ರ ತುಳಿಯುವುದು ತಿಳಿಯುತ್ತಿತ್ತು.

"ಈಗ ದಾರ ಹರೀತು ನೋಡು, ಯಂತ್ರ ನಿಂತಿತು" ಎಂದ. "ಈಗ ಟೇಪು ಅವಳ ಕೈಗೆ ಸಿಗ್ತದೆ. ಬೈತಾಳೆ."

"ಬೈದ್ರು" ಎಂದು ಹೆಂಡತಿ ತಲೆಯಾಡಿಸಿದಳು. "ಕಳ್ಳ, ಆರಿಸೋ ಅದನ್ನ, ಅಂದ್ರು. ಬೈದು ನಕ್ಕರು."

ಅವನೂ ನಕ್ಕ. ತಿಂಗಳುಗಳ ಮೇಲೆ ಆ ಮನೆಯಲ್ಲಿ ಅವನು ನಕ್ಕದ್ದು ಅಂದೇ. ಬೆರಳುಗಳನ್ನು ಎತ್ತಿ ಹೊಸದಾಗಿ ಕಂಡವನಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡ. "ಕಿವಿ ಹೋದ್ರೆ ಹೋಯ್ತು ಬಿಡೇ. ಬೆರಳಿದೆಯಲ್ಲ."

ಅವನ ನಗು ನೋಡಿ ಹೆಂಡತಿಗೆ ಸಮಾಧಾನವಾಗಬೇಕಿತ್ತು. ಯಾಕೋ ಆಗಲಿಲ್ಲ. "ಕೆಲಸದ ಕಡೆ ಡಾಕ್ಟರ ಚೀಟಿ ತೋರಿಸ್ತೀರ ತಾನೆ?" ಎಂದು ಕೇಳಿದಳು.

"ತೋರಿಸ್ತೀನಿ, ತೋರಿಸ್ತೀನಿ. ಈ ಹಿಡಿದಿರೋ ಕೆಲಸ ಮುಗೀಲಿ."

ಹಿಡಿದಿದ್ದ ಕೆಲಸ ಒಂದು ಹಳೆಯ ಕಚೇರಿ ಕಟ್ಟಡದ ಲಿಫ್ಟು. ಅವನು ಕೆಳಗೆ, ಲಿಫ್ಟು ಇಳಿದು ನಿಲ್ಲುವ ಗುಂಡಿಯೊಳಗೆ. ಜೊತೆಗಾರ ಮೇಲೆ, ಮೋಟಾರ್ ಕೋಣೆಯಲ್ಲಿ. ಅವರ ಕಸುಬಿನ ಕ್ರಮ ಇದು: ಲಿಫ್ಟನ್ನು ಅಲುಗಿಸುವ ಮೊದಲು ಮೇಲಿನವನು ಬಜ್ಜರ್ ಒತ್ತಬೇಕು. ಕೆಳಗಿನವನು ತಯಾರಿಲ್ಲದಿದ್ದರೆ ಕೂಗಬೇಕು. ಕೂಗು ಬರದಿದ್ದರೆ ಜಾಗ ಖಾಲಿ ಎಂದು ಅರ್ಥ. ಅಂದು ಬೆಳಿಗ್ಗೆ ಜೊತೆಗಾರ, "ಅಣ್ಣಾ, ಬಜ್ಜರ್ ಕೇಳ್ಸುತ್ತೆ ತಾನೆ?" ಎಂದು ತಮಾಷೆ ಮಾಡಿದ್ದ. ಕುಕ್ಕರಿನ ಕತೆ ಆಗಲೇ ಅಲ್ಲಿಗೆ ಮುಟ್ಟಿತ್ತು. "ಕಿವಿಯಣ್ಣನ್ನೇ ಕೇಳ್ತೀಯೇನೋ?" ಎಂದು ಇವನು ಅವನ ಬೆನ್ನಿಗೊಂದು ಗುದ್ದು ಕೊಟ್ಟು ಕೆಳಗಿಳಿದಿದ್ದ.

ಬಜ್ಜರಿನ ಕೀಚಲು ಸದ್ದು ಕಟ್ಟಡದವರಿಗೆಲ್ಲ ಕೇಳಿಸಿತು. ಕೆಳಗಿನ ಮಹಡಿಯ ಗುಮಾಸ್ತೆ ಟೈಪು ಮಾಡುವುದನ್ನು ನಿಲ್ಲಿಸಿ ಮುಖ ಸಿಂಡರಿಸಿದ್ದಾಗಿ ಆಮೇಲೆ ಹೇಳಿದಳು. ಕೂಗು ಬರಲಿಲ್ಲ. ಜೊತೆಗಾರ ಎರಡನೆಯ ಸಲವೂ ಒತ್ತಿ ಕಾದ. ಕೂಗು ಬರಲಿಲ್ಲ.

ಲಿಫ್ಟು ನಿಂತಿದ್ದದ್ದು ಅವನ ತಲೆಯಿಂದ ಒಂದೇ ಮಹಡಿ ಮೇಲೆ. ಬಜ್ಜರಿನ ಸದ್ದಿಗೆ, ಲಿಫ್ಟು ಜಾರುವ ಕಬ್ಬಿಣದ ಹಳಿ ನಡುಗುವುದಿಲ್ಲ. ನಡುಗುವುದು ಲಿಫ್ಟು ಹೊರಟ ಮೇಲೆಯೇ, ಆಗ ಗುಂಡಿಯಿಂದ ಹತ್ತಿ ಬರಲು ಹೊತ್ತಿರುವುದಿಲ್ಲ. ಅವನ ದೇಹವನ್ನು ಹೊರತೆಗೆದವರು ಹೇಳಿದ್ದು ಇಷ್ಟೇ: ಅವನ ಎಡಗೈ ಬೆರಳುಗಳು ಹಳಿಯ ಮೇಲಿದ್ದವು, ಹಗುರವಾಗಿ, ಏನನ್ನೋ ಕೇಳುತ್ತಿದ್ದಂತೆ.

ದತ್ತು ಹೋದ ಡಿಸ್ಕು ಮತ್ತೆ ಬೈಂಡರನ ಪೆಟ್ಟಿಗೆಯಲ್ಲಿದೆ. ಈ ಸಲ ಬೈಂಡರ್ ಅದನ್ನು ಮರೆತಿಲ್ಲ.