ಮಡಿಲಕ್ಕಿಯ ಮೂರು ಹಿಡಿ

ಸಾಲ ಕೇಳಲು ಬರುವವರನ್ನು ನಾನು ಅವರ ಚಪ್ಪಲಿಯಿಂದಲೇ ಗುರುತಿಸುತ್ತೇನೆ. ಸುಮ್ಮನೆ ಮಾತಾಡಿಸಿಕೊಂಡು ಹೋಗಲು ಬರುವವರು ಬೀದಿಯಿಂದಲೇ ಕೂಗುತ್ತಾ, ಚಪ್ಪಲಿಯನ್ನು ಒಂದು ಅತ್ತ ಒಂದು ಇತ್ತ ಒದ್ದು ಒಳಗೆ ಬರುತ್ತಾರೆ. ಸಾಲಕ್ಕೆ ಬರುವವರು ಬಗ್ಗಿ ಜೋಡಿಸಿ ಬಿಡುತ್ತಾರೆ. ಕೈಯಲ್ಲೊಂದು ಬಟ್ಟೆಚೀಲ, ಚೀಲದಲ್ಲಿ ಒಂದು ಚಿಪ್ಪು ಬಾಳೆಹಣ್ಣೋ ಮೂರು ತೆಂಗಿನಕಾಯೋ ಇರುತ್ತದೆ. ಕೂತವರು ಮೊದಲು ನನ್ನ ಮಂಡಿನೋವಿನ ವಿಚಾರ ಕೇಳುತ್ತಾರೆ. ಆರು ವರ್ಷದಿಂದ ನೋಯುತ್ತಿರುವ ಮಂಡಿಯ ಮೇಲೆ, ನನ್ನ ಖಾತೆಗೆ ನಾಲ್ಕು ಲಕ್ಷ ಬಂದ ವಾರದಲ್ಲೇ ಇಷ್ಟೊಂದು ಜನಕ್ಕೆ ಮರುಕ ಹುಟ್ಟಿದ್ದು ದೊಡ್ಡ ಸೋಜಿಗ.

ಆ ದುಡ್ಡು ಬಂದ ಬಗೆಯನ್ನು ಹೇಳಿಬಿಡುತ್ತೇನೆ. ನನ್ನ ತವರು ನರಸೀಪುರ ತಾಲ್ಲೂಕಿನ ಸೋಸಲೆಯ ಹತ್ತಿರ. ಅಪ್ಪ ಹೋದ ಮೇಲೆ ಅಣ್ಣ ನಾಲೆ ಪಕ್ಕದ ಜಮೀನನ್ನು ಲೇಔಟ್ ಮಾಡುವವರಿಗೆ ಮಾರಿದ. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಹೆಣ್ಣುಮಕ್ಕಳನ್ನು ಕರೆಸಿ, ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ ಕೊಟ್ಟು, ಪಾಲು ಬೇಡವೆಂದು ಸಹಿ ಹಾಕಿಸಿಕೊಳ್ಳುವುದು ರೂಢಿ. ನಾನೂ ಅದಕ್ಕೇ ಸಿದ್ಧಳಾಗಿ ನರಸೀಪುರದ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದೆ. ಅತ್ತಿಗೆ ಬೆಂಚಿನ ಮೇಲೆ ಕೂತಿದ್ದಳು, ತೊಡೆಯ ಮೇಲಿನ ಪ್ಲಾಸ್ಟಿಕ್ ಕವರಿನಲ್ಲಿ ಗಿಳಿಹಸಿರು ಸೀರೆ ಕಾಣುತ್ತಿತ್ತು. ಆದರೆ ಜಮೀನು ಕೊಳ್ಳುವವರು, ತಂಗಿಯ ಹೆಸರಿಗೆ ಚೆಕ್ ಬರೆಯದೆ ತಾವು ರಿಜಿಸ್ಟರ್ ಮಾಡಿಸಿಕೊಳ್ಳುವುದಿಲ್ಲ, ನಾಳೆ ಕೋರ್ಟು ಕಚೇರಿ ಅಲೆಯುವುದು ಯಾರು ಎಂದು ಹಟ ಹಿಡಿದರು. ಅಣ್ಣ ಅವರನ್ನು ಹೊರಗೆ ಕರೆದುಕೊಂಡು ಹೋಗಿ ಎರಡು ಸಲ ಕಾಫಿ ಕುಡಿಸಿದ. ಅವರು ಕಾಫಿ ಕುಡಿದು ಅದೇ ಮಾತು ಹೇಳಿದರು. ಕೊನೆಗೆ ನನ್ನ ಕೈಗೆ ಚೆಕ್ ಬಂತು. ಸೀರೆ ಮಾತ್ರ ಬರಲಿಲ್ಲ. ನಾನು ಸಹಿ ಹಾಕಿ ತಿರುಗುವಷ್ಟರಲ್ಲಿ ಅತ್ತಿಗೆ ಕವರನ್ನು ಮಡಚಿ ಬ್ಯಾಗಿನೊಳಗೆ ತುರುಕುತ್ತಿದ್ದಳು.

ನಾನು ನಂಜನಗೂಡಿನಲ್ಲಿ ಬ್ಲೌಸ್ ಹೊಲಿಯುವವಳು. ಇಪ್ಪತ್ತೆರಡು ವರ್ಷದಿಂದ ನಡುಮನೆಯ ಕಿಟಕಿಯ ಪಕ್ಕ ಮಿಷನ್ ಇದೆ. ಊಟದ ಹೊತ್ತಿಗೆ ಬಟ್ಟೆಯನ್ನೆಲ್ಲ ಬಾಚಿ ಮಂಚದ ಮೇಲೆ ಹಾಕಬೇಕು, ಮಲಗುವ ಹೊತ್ತಿಗೆ ಮಂಚದಿಂದ ಮತ್ತೆ ಮಿಷನ್ನಿನ ಮೇಲೆ. ಯಾರಾದರೂ ಅಳತೆ ಕೊಡಲು ಬಂದರೆ ನನ್ನ ಯಜಮಾನರು ಟಿವಿ ಆರಿಸಿ ಬೀದಿಯಲ್ಲಿ ನಿಲ್ಲಬೇಕು. ನಮ್ಮ ಬೀದಿಯ ತುದಿಯಲ್ಲಿ, ದೇವಸ್ಥಾನದ ಕಡೆಗೆ ತಿರುಗುವ ಮೂಲೆಯಲ್ಲಿ, ಮೊಬೈಲ್ ರಿಪೇರಿಯವರು ಬಿಟ್ಟ ಒಂದು ಮಳಿಗೆ ಖಾಲಿ ಬಿದ್ದಿತ್ತು. ಮೂರು ಲಕ್ಷ ಅಡ್ವಾನ್ಸ್, ಹುಣ್ಣಿಮೆಯವರೆಗೆ ಕಾಯುತ್ತೇನೆ, ಆಮೇಲೆ ಬೇಕರಿಯವರು ಕೇಳುತ್ತಿದ್ದಾರೆ ಎಂದು ಮಾಲೀಕರು ಹೇಳಿದ್ದರು. ನಾನು ಆ ಮಳಿಗೆಯ ಗೋಡೆಗೆ ಯಾವ ಬಣ್ಣ ಎನ್ನುವುದನ್ನೂ ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ.

ಹುಣ್ಣಿಮೆಗೆ ಹನ್ನೆರಡು ದಿನವಿತ್ತು. ಆ ಹನ್ನೆರಡು ದಿನದಲ್ಲಿ ನಮ್ಮ ಮನೆಗೆ ಬಂದ ಚೀಲಗಳನ್ನು ನೋಡಿದ್ದರೆ ಸಂತೆ ನಮ್ಮ ಮನೆಯಲ್ಲೇ ಕೂಡಿದೆ ಎನ್ನಬೇಕಿತ್ತು.

ಕಷ್ಟವಿದ್ದದ್ದು ಬಂದವರದ್ದಲ್ಲ, ನನ್ನ ಯಜಮಾನರದ್ದು. ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯ, ಯಾರಿಗೂ ಇಲ್ಲ ಅಂದವರಲ್ಲ. ಯಾರು ಏನು ಕೇಳಿದರೂ ‘ನೋಡಾಣ’ ಅನ್ನುತ್ತಾರೆ. ಅವರ ಪ್ರಕಾರ ಅದಕ್ಕೆ ಅರ್ಥ, ಈಗ ಹೋಗಿ, ಆಮೇಲೆ ಮರೆತುಬಿಡಿ. ಸಾಲ ಕೇಳುವವರ ಪ್ರಕಾರ ಅದಕ್ಕೆ ಅರ್ಥ, ಸೋಮವಾರ ಬನ್ನಿ.

ಮೊದಲು ಬಂದದ್ದು ಅವರ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯ. ಕೈಯಲ್ಲಿ ಅರ್ಧ ಡಜನ್ ರಸಬಾಳೆ.

“ಅಕ್ಕಾರೆ, ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿ. ನಮ್ಮನೇವ್ರಿಗೂ ಹಿಂಗೇ ಇತ್ತು.”

“ಹಚ್ತಾ ಇದ್ದೀನಿ ಕಣಣ್ಣ.”

“ಒಂದ್ ಮಾತು. ಒಂದೂವರೆ ಆದ್ರೆ ಸಾಕು. ಬುಲೆಟ್ ಗಾಡಿ ಒಂದು ಬಂದೈತೆ, ಸೆಕೆಂಡ್ ಹ್ಯಾಂಡು, ಬಿಟ್ರೆ ಸಿಗಲ್ಲ.”

ಯಜಮಾನರ ತುಟಿ ಆಗಲೇ ‘ನೋಡಾಣ’ ಎನ್ನಲು ದುಂಡಗಾಗಿತ್ತು. ನಾನು ಎದ್ದು ಅಡುಗೆಮನೆಗೆ ಹೋದೆ.

ನನ್ನ ಅತ್ತೆ ಬದುಕಿದ್ದಾಗ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಬಂದವರ ಚೀಲ ಬರಿದಾಗಿ ಹೋಗಬಾರದು. ಹಣ್ಣು ತಂದವರಿಗೆ ಅಚ್ಚುಬೆಲ್ಲ, ಕಾಯಿ ತಂದವರಿಗೆ ಎರಡು ಸೇರು ರಾಗಿಹಿಟ್ಟು. ಅವರದು ಧಾರಾಳದ ಕೈ. ನಾನು ಅದನ್ನೇ ಹಿಡಿದುಕೊಂಡೆ, ಹೊತ್ತು ಮಾತ್ರ ಬದಲಾಯಿಸಿದೆ. ಅತ್ತೆ ಚೀಲ ತುಂಬುತ್ತಿದ್ದದ್ದು ಹೊರಡುವಾಗ, ನಾನು ತುಂಬುತ್ತಿದ್ದದ್ದು ಕಾಫಿಗೆ ಮುಂಚೆ. ಬೆಲ್ಲ ಹಾಕಿದ ಚೀಲವನ್ನು ತಂದು ಗೆಳೆಯನ ಮಂಡಿಯ ಪಕ್ಕ ಇಟ್ಟು, “ಮಳಿಗೆ ಅಡ್ವಾನ್ಸಿಗೆ ಅಂತ ಮಾತು ಕೊಟ್ಟಾಗೈತೆ ಕಣಣ್ಣ, ತಪ್ಪು ತಿಳ್ಕೋಬೇಡಿ. ಕಾಫಿ ತರ್ತೀನಿ ಇರಿ” ಅಂದೆ. ಪಕ್ಕದಲ್ಲಿ ತುಂಬಿದ ಚೀಲ ಕೂತಿದ್ದರೆ ಮನುಷ್ಯನಿಗೆ ಎರಡನೇ ಸಲ ಕೇಳಲು ಬಾಯಿ ಬರುವುದಿಲ್ಲ. ಅವನು ಕಾಫಿಯನ್ನು ಬಿಸಿಯಲ್ಲೇ ಕುಡಿದು, ಬುಲೆಟ್ ಏನು ಮಹಾ ಒಳ್ಳೆ ಗಾಡಿಯಲ್ಲ ಎಂದು ಹೇಳಿ ಹೊರಟ.

ಹೀಗೆ ವಾರಗಿತ್ತಿಯನ್ನು ಕಳಿಸಿದೆ, ಎದುರುಮನೆಯವರನ್ನು ಕಳಿಸಿದೆ. ಮೂರು ಕೆ.ಜಿ. ಬೆಲ್ಲ ಖರ್ಚಾಯಿತು. ಯಾರೂ ಔಷಧಿಗೆ ಅಂತ, ಮಕ್ಕಳ ಫೀಸಿಗೆ ಅಂತ ಬರಲಿಲ್ಲ. ಬಂದಿದ್ದರೆ ನನ್ನ ಬೆಲ್ಲ ಡಬ್ಬದಲ್ಲೇ ಉಳಿಯುತ್ತಿತ್ತೇನೋ. ಒಬ್ಬರಿಗೆ ಸೋಫಾ ಸೆಟ್ಟು, ಇನ್ನೊಬ್ಬರಿಗೆ ಮಗುವಿನ ಹುಟ್ಟುಹಬ್ಬಕ್ಕೆ ಹಾಲ್ ಬುಕ್ ಮಾಡುವುದು.

ಹುಣ್ಣಿಮೆಗೆ ಮೂರು ದಿನವಿದೆ ಎನ್ನುವಾಗ, ಭಾನುವಾರ, ಅಣ್ಣ ಅತ್ತಿಗೆ ಬಂದರು. ಹೊಸ ಬಿಳಿ ಕಾರು ನಮ್ಮ ಬೀದಿಯ ಚರಂಡಿಯ ಮೇಲೆ ಒಂದು ಚಕ್ರ ಇಟ್ಟು ನಿಂತಿತು. ಇಬ್ಬರೂ ಚಪ್ಪಲಿ ಜೋಡಿಸಿ ಬಿಟ್ಟರು. ಅತ್ತಿಗೆಯ ಕೈಯಲ್ಲಿದ್ದದ್ದು ಚೀಲವಲ್ಲ, ದೊಡ್ಡ ಸ್ಟೀಲ್ ತಟ್ಟೆ. ಅಕ್ಕಿ, ಕೊಬ್ಬರಿ, ಬೆಲ್ಲ, ವೀಳ್ಯದೆಲೆ, ಅರಿಶಿನ ಕುಂಕುಮ. ಮಡಿಲು ತುಂಬಲು ಬಂದಿದ್ದರು. ಹನ್ನೊಂದು ವರ್ಷದಿಂದ ಗೌರಿಹಬ್ಬಕ್ಕೆ ಒಂದು ಬಳೆಯನ್ನೂ ಕಳಿಸದ ತವರು ಅದು.

ತಟ್ಟೆಯ ಮೇಲೆ ಗಿಳಿಹಸಿರು ಸೀರೆ ಇತ್ತು. ರಿಜಿಸ್ಟ್ರಾರ್ ಕಚೇರಿಯದೇ. ದಿನಾ ಸೀರೆ ಮುಟ್ಟುವವಳಿಗೆ ಒಮ್ಮೆ ನೋಡಿದ ಅಂಚು ಮರೆಯುವುದಿಲ್ಲ.

ಅತ್ತಿಗೆ ನನ್ನನ್ನು ಮಣೆಯ ಮೇಲೆ ಕೂರಿಸಿ ಸೆರಗಿಗೆ ಅಕ್ಕಿ ಹುಯ್ದಳು. ನಮ್ಮ ಕಡೆ ಮಡಿಲಕ್ಕಿ ತೆಗೆದುಕೊಂಡ ಮಗಳು ಅದರಲ್ಲಿ ಮೂರು ಹಿಡಿಯನ್ನು ಅಲ್ಲೇ ತವರಿಗೆ ತಿರುಗಿಸಿ ಕೊಡಬೇಕು. ತವರು ಬರಿದಾಗಬಾರದು ಅಂತ. ನಾನು ಮೊದಲ ಹಿಡಿ ತುಂಬಿಕೊಳ್ಳುವಾಗ ಅತ್ತಿಗೆ ನನ್ನ ಕೈ ಹಿಡಿದಳು.

“ಈಗ್ಲೇ ಬ್ಯಾಡ ಕಣಮ್ಮಿ. ಆಮೇಕೆ ಒಟ್ಟಿಗೇ ಕೊಡೀವಂತೆ.”

“ಏನು ಒಟ್ಟಿಗೆ?”

ಅಣ್ಣ ಗಂಟಲು ಸರಿಮಾಡಿಕೊಂಡ. “ಮಹಡಿ ಎತ್ತುಸ್ತಾ ಇವ್ನಿ ಕಣವ್ವ. ಸೆಂಟ್ರಿಂಗ್ ಆಗೈತೆ, ಮೋಲ್ಡ್ ಆಕ್ಬೇಕು. ನಿಂತಾವ ಸುಮ್ನೆ ಬಿದ್ದಿರೋದು ಮೂರೂವರೆ ಕೊಡು. ಸಂಕ್ರಾಂತಿಗೆ ತಂದ್ ಮಡುಗ್ತೀನಿ.”

“ಮಡಿಲಕ್ಕೀಲೇ ಮೂರು ಇಡಿ ತಿರುಗಿಸ್ತೀವಿ,” ಅತ್ತಿಗೆ ನಕ್ಕಳು. “ಅದೂ ನಿಮ್ಮಪ್ಪನ ಮನೇದೇ ಅಲ್ವಾ? ತವರಿಗೆ ಕೊಟ್ರೆ ಎಲ್ಲೋಯ್ತದೆ?”

ಅಕ್ಕಿಯ ಲೆಕ್ಕದಲ್ಲಿ ಮೂರು ಹಿಡಿ ಬಿಟ್ಟು ಮಿಕ್ಕದ್ದು ಮಗಳದು. ಅತ್ತಿಗೆಯ ಲೆಕ್ಕದಲ್ಲಿ ಮೂರು ಹಿಡಿ ನನಗೆ, ಮಿಕ್ಕದ್ದು ಮಹಡಿಗೆ. ಇದನ್ನು ಅಲ್ಲೇ ಹೇಳಬೇಕಿತ್ತು. ಊರವರಿಗೆಲ್ಲ ಇಲ್ಲ ಎಂದ ನಾಲಿಗೆ ಅಣ್ಣನ ಮುಂದೆ ಮಡಚಿಕೊಂಡಿತು. ಚಿಕ್ಕಂದಿನಲ್ಲಿ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಿದ್ದವನು ಅವನೇ ಅನ್ನುವುದು ಆ ಹೊತ್ತಿನಲ್ಲೇ ಏಕೆ ನೆನಪಾಗಬೇಕೋ. ನಾನು ಅಕ್ಕಿಯನ್ನು ನೋಡುತ್ತಾ ಕೂತೆ. ಅಷ್ಟರಲ್ಲಿ ಯಜಮಾನರು ಬಾಯಿಬಿಟ್ಟರು.

“ನೋಡಾಣ ಭಾವ.”

“ಹಂಗಾರೆ ಗುರುವಾರ ಬತ್ತೀವಿ” ಅಂದ ಅಣ್ಣ.

ಕಾರು ಹೋದ ಮೇಲೆ ಯಜಮಾನರು, “ನಿಮ್ಮಣ್ಣ ಕಣೇ, ಇಲ್ಲ ಅಂದ್ರೆ ನಾಳೆ ತವರೂ ಇಲ್ಲ ಅಂತಾರೆ” ಅಂದರು.

“ಹನ್ನೊಂದು ವರ್ಷದಿಂದ ಇತ್ತಾ?” ಅಂದೆ. ಅವರು ಟಿವಿ ಹಾಕಿದರು.

ಸೋಮವಾರ ಬೆಳಿಗ್ಗೆ ಬ್ಯಾಂಕ್ ತೆರೆಯುವ ಮುಂಚೆ ನಾನು ಮೆಟ್ಟಿಲ ಮೇಲಿದ್ದೆ. ಹನ್ನೊಂದು ಗಂಟೆಗೆ ಮಾಲೀಕರ ಕೈಗೆ ಅಡ್ವಾನ್ಸ್ ಸೇರಿತು, ನನ್ನ ಕೈಗೆ ಬೀಗದ ಕೈ. ಮಂಗಳವಾರ ಸುಣ್ಣಬಣ್ಣ. ಬುಧವಾರ, ಹುಣ್ಣಿಮೆಯ ದಿನ, ಯಜಮಾನರೂ ಪಕ್ಕದ ಮನೆಯ ಆಟೋದವರೂ ಸೇರಿ ಮಿಷನ್ ಸಾಗಿಸಿದರು. ನಡುಮನೆ ಇಷ್ಟು ದೊಡ್ಡದಿದೆ ಅಂತ ನಮಗಿಬ್ಬರಿಗೂ ಅವತ್ತೇ ಗೊತ್ತಾದದ್ದು.

ಗುರುವಾರ ಹೇಳಿದ ಹೊತ್ತಿಗೆ ಕಾರು ಬಂತು. ದುಡ್ಡು ಒಯ್ಯಲು ಅತ್ತಿಗೆ ಜಿಪ್ ಇರುವ ಬ್ಯಾಗನ್ನೇ ತಂದಿದ್ದಳು. ನಾನು ಮಡಿಲಕ್ಕಿಯ ಗಂಟನ್ನು ಕೈಗೆತ್ತಿಕೊಂಡೆ.

“ಬಾ ಅಣ್ಣ, ದುಡ್ಡು ಎಲ್ಲೈತೆ ಅಂತ ತೋರಿಸ್ತೀನಿ.”

ಬ್ಯಾಂಕಿಗೆ ಅಂದುಕೊಂಡು ಇಬ್ಬರೂ ಸಂತೋಷವಾಗಿ ಹಿಂದೆ ಬಂದರು. ಬೀದಿಯ ತುದಿಯಲ್ಲಿ ನಾನು ಶಟರ್ ಎತ್ತಿದೆ. ಹೊಸ ಬಣ್ಣದ ವಾಸನೆ ಇನ್ನೂ ಇತ್ತು.

“ಇದೇ ಕಣಣ್ಣ. ಮೂರು ಲಕ್ಷ ಇಲ್ಲಿ ಐತೆ. ಮಿಕ್ಕದ್ದು ಇನ್ನೊಂದು ಮಿಷನ್ನಿಗೆ, ಬೋರ್ಡಿಗೆ. ತಪ್ಪು ತಿಳ್ಕೋಬೇಡ. ಭಾನುವಾರವೇ ಹೇಳ್ಬೇಕಿತ್ತು, ನನ್ ಕೈಲಿ ಆಗ್ಲಿಲ್ಲ.”

ಅಣ್ಣ ಗೋಡೆ ನೋಡಿದ, ಸೂರು ನೋಡಿದ. ಆಮೇಲೆ, “ಬಾಡಿಗೆ ಎಷ್ಟು?” ಅಂದ.

ಅತ್ತಿಗೆಯ ಕಣ್ಣು ಮುಂದುಗಡೆ ತೂಗುಹಾಕಿದ್ದ ಸೀರೆಯ ಮೇಲಿತ್ತು. ಅದರ ಸೆರಗಿಗೆ ನಾನು ಕೆಂಪು ದಾರದ ಕುಚ್ಚು ಕಟ್ಟಿದ್ದೆ.

“ಇದು ನಾವ್ ಕೊಟ್ಟಿದ್ದಲ್ವಾ?”

“ಹೂಂ ಅತ್ತಿಗೆ. ಕುಚ್ಚು ಹೆಂಗೆ ಬರ್ತದೆ ಅಂತ ಬಂದವ್ರಿಗೆ ತೋರ್ಸಕ್ಕೆ ಒಂದು ಸೀರೆ ಬೇಕಿತ್ತು. ಉಡೋ ಸೀರೆ ಕೆಡಿಸಕ್ಕೆ ಮನಸಾಗ್ಲಿಲ್ಲ.”

ಅವಳ ಮುಖ ಗಿಳಿಹಸಿರಿಗಿಂತ ಒಂದು ಬಣ್ಣ ಗಾಢವಾಯಿತು. “ನಡೀರಿ” ಅಂದಳು ಅಣ್ಣನಿಗೆ.

“ತಡೀರಿ ಅತ್ತಿಗೆ. ಒಟ್ಟಿಗೇ ಕೊಡು ಅಂದಿದ್ರಲ್ಲ” ಎಂದು ನಾನು ಗಂಟು ಬಿಚ್ಚಿದೆ.

ಕೋಪವೆಷ್ಟೇ ಇದ್ದರೂ ಮಡಿಲಕ್ಕಿಯ ಹಿಡಿಯನ್ನು ಬೇಡವೆನ್ನುವಂತಿಲ್ಲ. ಬೇಡವೆಂದರೆ ಬರಿದಾಗುವುದು ಅವಳ ಮನೆಯೇ. ಅವಳು ಜಿಪ್ ಬ್ಯಾಗನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಸೆರಗು ಒಡ್ಡಿದಳು. ನಾನು ಒಂದು ಹಿಡಿ ಹಾಕಿದೆ, ಇನ್ನೊಂದು ಹಾಕಿದೆ. ಅಣ್ಣ ಹೊರಗೆ ನಿಂತು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ ನನ್ನ ಕೈಯನ್ನೇ ನೋಡುತ್ತಿದ್ದ. ಮೂರನೆಯ ಹಿಡಿಯನ್ನು ಸ್ವಲ್ಪ ದೊಡ್ಡದಾಗಿಯೇ ತುಂಬಿದೆ.