ಜಿಂಕೆಗೆ ಬಿಡದ ಹಲಸು

ಕಾಂತಪ್ಪನವರಿಗೆ ಜಿಂಕೆ ಕಂಡರಾಗದು. ಮದ್ರಾಸಿನ ಗಿಂಡಿ ಕಾಡಿಗೆ ಅಂಟಿಕೊಂಡಿರುವ ನಮ್ಮ ಕಾಲೇಜಿಗೆ ಬಂದವರೆಲ್ಲ ಚುಕ್ಕೆ ಜಿಂಕೆ ನೋಡಿ ಫೋನು ತೆಗೆದರೆ, ಇವರು ಕ್ಯಾಂಟೀನಿನ ಹಿಂಬಾಗಿಲಲ್ಲಿ ನಿಂತು ಸೌಟು ಎತ್ತುತ್ತಾರೆ. ನಾನು ಇಲ್ಲಿನ ಲೈಬ್ರರಿಯಲ್ಲಿರುವವಳು. ಹನ್ನೊಂದು ವರ್ಷ ಅವರ ಕೈಯ ಸಾರು ಉಂಡಿದ್ದೇನೆ, ಅವರನ್ನು ನಾಲ್ಕು ಮಾತು ಆಡಿಕೊಳ್ಳುವ ಹಕ್ಕು ನನಗಿದೆ.

ಜಗಳದ ಮೂಲ ಕೊಟ್ಟೆ ಕಡುಬು. ನಾಲ್ಕು ಹಲಸಿನ ಎಲೆಗಳನ್ನು ಕಡ್ಡಿ ಚುಚ್ಚಿ ಲೋಟದಂತೆ ಕೊಟ್ಟೆ ಕಟ್ಟಿ, ಅದರಲ್ಲಿ ಹಿಟ್ಟು ಹೊಯ್ದು ಬೇಯಿಸುವ ಕಡುಬು ಅದು. ಉಡುಪಿ ಕಡೆಯವರಿಗೆ ಅದಿಲ್ಲದೆ ಅಷ್ಟಮಿ ಆಗುವುದಿಲ್ಲ. ಮದ್ರಾಸಿನ ಮಾರ್ಕೆಟ್ಟಿನಲ್ಲಿ ಹಲಸಿನ ಹಣ್ಣು ರಾಶಿ ಬೀಳುತ್ತದೆ, ಎಲೆ ಯಾರು ಮಾರುತ್ತಾರೆ? ಊರಿಂದ ಬಸ್ಸಿಗೆ ಹಾಕಿಸಿದ ಎಲೆ ಇಲ್ಲಿ ಇಳಿಯುವಷ್ಟರಲ್ಲಿ ಒಣಗಿ ಮುದುರಿರುತ್ತಿತ್ತು. ಅವರ ಹೆಂಡತಿ ವಿನೋದಾ ಪ್ರತಿ ವರ್ಷ ಸ್ಟೀಲ್ ಲೋಟದಲ್ಲಿ ಹಿಟ್ಟು ಹೊಯ್ದು, ಇದು ಕಡುಬಲ್ಲ, ಉದ್ದದ ಇಡ್ಲಿ ಎಂದು ಮುಖ ಸಣ್ಣ ಮಾಡುತ್ತಿದ್ದರು. ಆ ಮುಖ ನೋಡಲಾರದೆ ಕಾಂತಪ್ಪನವರು ಅನುಮತಿ ಕೇಳಿ ಕ್ಯಾಂಟೀನಿನ ಹಿಂದೆ ಐದು ಹಲಸಿನ ಸಸಿ ನೆಟ್ಟರು.

ಎಂಟು ದಿನದಲ್ಲಿ ನಾಲ್ಕು ಮಾಯ. ಮಣ್ಣಿನಿಂದ ಬರಿ ಕಡ್ಡಿ ಎದ್ದು ನಿಂತಿತ್ತು. ಆಚೆ ಬೇವಿನ ಸಸಿಗಳೆಲ್ಲ ನೆಮ್ಮದಿಯಾಗಿದ್ದಾಗ ಜಿಂಕೆಗೆ ತನ್ನ ಮೇಲೇ ಏನು ಹಗೆ ಎಂದು ಅವರು ಊಟ ಬಡಿಸುವಾಗಲೂ ಗೊಣಗಿದರು. ಕೊನೆಗೆ ತೋಟದ ಕೆಲಸದ ಚಿಕ್ಕತಾಯಮ್ಮ ಬಂದು ಸಸಿಯ ಬುಡ ನೋಡಿದಳು. ಹೊಸೂರು ಕಡೆಯ ಗಟ್ಟಿ ಹೆಂಗಸು. ಬುಡದ ಸುತ್ತ ಹಸಿರು ಬಾಳೆ ಎಲೆ ಓರಣವಾಗಿ ಹಾಸಿತ್ತು. ಊಟಕ್ಕೆ ಕತ್ತರಿಸಿ ಉಳಿದ ತುಂಡುಗಳನ್ನು ಕಾಂತಪ್ಪನವರು ದಿನಾ ತೊಳೆದು ತಂದು ಹಾಸುತ್ತಿದ್ದರು. ಮಣ್ಣು ಒಣಗಬಾರದು, ಎಲೆಯೂ ದಂಡವಾಗಬಾರದು. ನಲವತ್ತು ವರ್ಷ ಹೋಟೆಲಿನಲ್ಲಿ ಬೆಂದವರ ಬುದ್ಧಿ.

"ಎಲೆ ಹಾಕ್ಬುಟ್ಟು ಊಟಕ್ ಬರ್ಬೇಡಿ ಅಂದ್ರೆ ಯಾರ್ ಕೇಳ್ತಾರೆ ಸಾಮಿ?" ಅಂದಳು ಚಿಕ್ಕತಾಯಮ್ಮ.

ನನಗೆ ನಗು ತಡೆಯಲಾಗಲಿಲ್ಲ. ದಿನಾ ಬಾಳೆ ಎಲೆ ತಿನ್ನಲು ಬಂದ ಜಿಂಕೆಗಳು ಉಪ್ಪಿನಕಾಯಿಯ ಹಾಗೆ ಹಲಸನ್ನೂ ನಂಜಿಕೊಂಡು ಹೋಗಿದ್ದವು. ಸಾವಿರಾರು ಜನಕ್ಕೆ ಎಲೆ ಹಾಕಿ ಬಡಿಸಿದ ಮನುಷ್ಯ ಅವತ್ತು ತಲೆ ಕೆರೆದುಕೊಂಡು ಆ ತುಂಡುಗಳನ್ನೆಲ್ಲ ಆಯ್ದರು.

ಉಳಿದದ್ದು ಒಂದೇ ಸಸಿ, ಅದರಲ್ಲಿ ಎರಡೇ ಎಲೆ. ಚಿಕ್ಕತಾಯಮ್ಮ ಬುಡಕ್ಕೆ ಒಣ ತರಗು ಹಾಕಿಸಿದಳು. ಇಬ್ಬರೂ ಸೇರಿ ಬಿದಿರು ಸೀಳಿ ಆಳೆತ್ತರದ ಬೇಲಿ ಕಟ್ಟಿದರು. ಜಿಂಕೆ ಕತ್ತು ಚಾಚಿದರೂ ಮುಟ್ಟದಷ್ಟು ಅಗಲ ಬಿಡಬೇಕೆಂದು ಅವಳು ಎರಡು ಸಲ ಬಿಚ್ಚಿ ಕಟ್ಟಿಸಿದಳು. ಕಾಂತಪ್ಪನವರು ಬೆಳಿಗ್ಗೆ ಒಲೆ ಹಚ್ಚುವ ಮೊದಲು ಹೋಗಿ ಎಲೆ ಎಣಿಸಿ ಬರುತ್ತಿದ್ದರು. ಎರಡು ನಾಲ್ಕಾಯಿತು, ನಾಲ್ಕು ಒಂಬತ್ತಾಯಿತು, ಆಮೇಲೆ ಎಣಿಕೆ ತಪ್ಪತೊಡಗಿತು. ಮೊದಲ ಸಲ ಎಣಿಕೆ ತಪ್ಪಿದ ದಿನ ಖುಷಿಯಲ್ಲಿ ಸಾರಿಗೆ ಉಪ್ಪು ಜಾಸ್ತಿ ಬಿದ್ದಿತ್ತು, ಯಾರೂ ಬೇಸರ ಮಾಡಲಿಲ್ಲ.

ಮೂರು ವರ್ಷ ಕಳೆದು, ಈ ಸಲದ ಅಷ್ಟಮಿಗೆ ಗಿಡ ಬೇಲಿ ದಾಟಿ ನಿಂತಿತ್ತು. ವಿನೋದಾ ಮನೆಯಿಂದ ಹಿಟ್ಟು ರುಬ್ಬಿಕೊಂಡೇ ಬಂದರು. ಕಾಂತಪ್ಪನವರು ಕೈ ಎತ್ತಿ ಒಂದು ಎಲೆ ಹಿಡಿದರು, ಬಿಟ್ಟರು. ಇನ್ನೊಂದು ಹಿಡಿದರು, ಇದು ಎಳೆಯದು ಅಂದರು. ಮತ್ತೊಂದು ನೆರಳಿಗೆ ಬೇಕು ಅಂದರು. ಅವರ ಕೈಗೆ ಕೀಳಲು ಮನಸ್ಸೇ ಬರಲಿಲ್ಲ.

ವಿನೋದಾ ಪಾತ್ರೆ ಕೆಳಗಿಟ್ಟರು. "ಜಿಂಕೆಗೆ ಬಿಡ್ಲಿಲ್ಲ, ಸರಿ. ನನಗೂ ಬಿಡೂದಿಲ್ವಾ ನೀವು?"

ಕಾಂತಪ್ಪನವರು ನಕ್ಕುಬಿಟ್ಟರು. ತಾವೇ ಕೊಂಬೆ ಬಗ್ಗಿಸಿ ಹಿಡಿದರು, ಹೆಂಡತಿ ಹದಿನಾರು ಎಲೆ ಕಿತ್ತರು. ನಾಲ್ಕು ಕೊಟ್ಟೆ, ಚಿಕ್ಕತಾಯಮ್ಮನೂ ಸೇರಿ ನಾವು ನಾಲ್ಕು ಜನ. ಬೆಂದ ಮೇಲೆ ಹಿಂಬಾಗಿಲಲ್ಲೇ ಕೂತು ಬಿಚ್ಚಿದಾಗ ಕಡುಬಿನ ಮೈಮೇಲೆ ಎಲೆಯ ನರ ಮೂಡಿತ್ತು. ವಿನೋದಾ ಅದನ್ನು ಬೆರಳಿನಿಂದ ಸವರಿ, ಮೂಗಿನ ಹತ್ತಿರ ಹಿಡಿದು, ಇದು ಕಡುಬು ಅಂದರು.

ಬೇಲಿಯ ಆಚೆ ಒಂದು ಜಿಂಕೆ ಹಲಸಿನತ್ತಲೇ ಕತ್ತೆತ್ತಿ ನಿಂತಿತ್ತು. ಕಾಂತಪ್ಪನವರು ಕಡುಬು ಮುರಿಯುತ್ತ ಅದನ್ನೇ ನೋಡಿದರು.

"ಪಾಪ, ಅದಕ್ಕೂ ರುಚಿ ಗೊತ್ತುಂಟು ಮಾರಾಯ್ರೆ."

ಸೌಟು ಪಕ್ಕದಲ್ಲೇ ಇತ್ತು. ಅವರು ಎತ್ತಲಿಲ್ಲ.